ಮಗನಿಗೆ ಟಿಕ್ಸ್ ಇದೆ. ಹಾಲು, ಗೋಧಿ ಬಿಡಿಸಿದರೆ ಕಡಿಮೆ ಆಗುತ್ತದಾ?

ದಾವಣಗೆರೆ, 7 ವರ್ಷದ ಮಗನ ತಾಯಿ:
ಕೆಲವು ತಿಂಗಳಿಂದ ಮಗ ಜೋರಾಗಿ ಕಣ್ಣು ಮಿಟುಕಿಸುತ್ತಿದ್ದಾನೆ. ಈಗ ಗಂಟಲು ಸರಿಮಾಡಿಕೊಳ್ಳುವ ಹಾಗೆ ‘ಹ್ಞ ಹ್ಞ’ ಅನ್ನುವುದೂ ಸೇರಿಕೊಂಡಿದೆ. ಮಕ್ಕಳ ಡಾಕ್ಟರು ಇದು ಟಿಕ್ಸ್, ಅಂದರೆ ಬೇಕಂತ ಮಾಡದೆ ಮತ್ತೆ ಮತ್ತೆ ಬರುವ ಚಲನೆ, ಸದ್ದು, ಗಾಬರಿ ಬೇಡ ಅಂದರು. ನಾದಿನಿ ಮಾತ್ರ ಹಾಲು, ಗೋಧಿ ಬಿಡಿಸು, ತಾನೇ ಹೋಗುತ್ತದೆ ಅನ್ನುತ್ತಾಳೆ. ಯಾವ ಆಹಾರ ಆಗಿಬರುವುದಿಲ್ಲ ಅಂತ ರಕ್ತ ಪರೀಕ್ಷೆಯಲ್ಲಿ ಪಟ್ಟಿ ಮಾಡಿ ಕೊಡುವ ಲ್ಯಾಬ್ ಇದೆಯಂತೆ. ಊಟ ಬದಲಿಸಿ ಕಡಿಮೆ ಆಗಿದ್ದನ್ನು ಯಾರಾದರೂ ನೋಡಿದ್ದೀರಾ?

ಮೈಸೂರು, 11 ವರ್ಷದ ಮಗನ ತಾಯಿ:
ನನ್ನ ಮಗನಿಗೂ ಆರನೇ ವಯಸ್ಸಿನಲ್ಲಿ ಶುರುವಾಯಿತು. ಮೊದಲು ಕಣ್ಣು, ಆಮೇಲೆ ಮೂಗು ಏರಿಸುವುದು, ಆಮೇಲೆ ಭುಜ ಕುಣಿಸುವುದು. ಒಂದು ಹೋಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ನಿಮಗೆ ಎಷ್ಟು ಸಂಕಟ ಆಗುತ್ತಿರಬಹುದು ಅಂತ ನನಗೆ ಗೊತ್ತು.

ಊಟದ ಮಾತಿಗಿಂತ ಮೊದಲು ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಟಿಕ್ಸ್ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಕೆಲವು ವಾರ ನೋಡಲಾಗದಷ್ಟು ಇರುತ್ತದೆ, ಆಮೇಲೆ ಯಾವ ಕಾರಣವೂ ಕಾಣದೆ ತಗ್ಗುತ್ತದೆ. ನಾವು ಹಾಲು ಬಿಡಿಸುವ ತೀರ್ಮಾನ ಮಾಡುವುದು ಯಾವಾಗ? ತುಂಬಾ ಜಾಸ್ತಿ ಇದ್ದಾಗ, ಅಲ್ವಾ? ಅಂದರೆ ಹೇಗಿದ್ದರೂ ಇಳಿಯುವ ಹೊತ್ತಿನಲ್ಲಿ. ಇಳಿದ ಕೂಡಲೇ ಹಾಲು ಬಿಡಿಸಿದ್ದರಿಂದಲೇ ಆಯಿತು ಅನ್ನಿಸುತ್ತದೆ. ಮುಂದೆ ಮತ್ತೆ ಏರಿದಾಗ ಗೋಧಿಯ ಮೇಲೆ ಅನುಮಾನ, ಆಮೇಲೆ ಕಡಲೆಕಾಯಿ, ಆಮೇಲೆ ಮೊಟ್ಟೆ. ಮಗುವಿನ ತಟ್ಟೆಯಲ್ಲಿ ಕೊನೆಗೆ ಏನೂ ಉಳಿಯುವುದಿಲ್ಲ.

ಅದಕ್ಕೇ ಏನನ್ನೂ ಬಿಡಿಸುವ ಮೊದಲು ಒಂದು ನೋಟ್‌ಬುಕ್ ಇಡಿ. ಕಡೇಪಕ್ಷ ಒಂದು ತಿಂಗಳು ಬರೆಯಿರಿ. ತಿಂದದ್ದು ಮಾತ್ರ ಸಾಲದು. ಎಷ್ಟು ಹೊತ್ತಿಗೆ ಮಲಗಿದ, ಶೀತ ಜ್ವರ ಇತ್ತಾ, ಪರೀಕ್ಷೆ ಇತ್ತಾ, ನೆಂಟರು ಬಂದಿದ್ದರಾ, ಎಲ್ಲವೂ ಬೇಕು. ನಮ್ಮ ಮನೆಯಲ್ಲಿ ಮದುವೆಗೆ ಹೋಗಿ ಬಂದ ಮಾರನೇ ದಿನ ಯಾವಾಗಲೂ ಜಾಸ್ತಿ ಇರುತ್ತಿತ್ತು. ಜಿಲೇಬಿಯೇ ಕಾರಣ ಅಂತ ಮನೆಯವರೆಲ್ಲ ಹೇಳುತ್ತಿದ್ದರು. ಪುಸ್ತಕ ತಿರುವಿದರೆ ಆ ದಿನಗಳಲ್ಲೆಲ್ಲ ಮಧ್ಯರಾತ್ರಿವರೆಗೆ ಎದ್ದಿದ್ದ, ಮಕ್ಕಳ ಜೊತೆ ಕುಣಿದು ಸುಸ್ತಾಗಿದ್ದ. ಸುಮ್ನೆ ಒಂದು ಭಾನುವಾರ ಮನೆಗೆ ಜಿಲೇಬಿ ತಂದು ಕೊಟ್ಟೆವು. ಎಂದಿನ ಹೊತ್ತಿಗೆ ಮಲಗಿದ. ಮಾರನೇ ದಿನ ಏನೂ ವ್ಯತ್ಯಾಸ ಇರಲಿಲ್ಲ.

ನಮಗೆ ನಿಜವಾಗಿ ಸಂಬಂಧ ಕಂಡದ್ದು ಸಂಜೆ ಕಾಫಿಗೆ. ಅಜ್ಜನ ಲೋಟದಿಂದ ಅರ್ಧ ಲೋಟ ಕುಡಿಯುವ ಅಭ್ಯಾಸ ಇತ್ತು. ಕುಡಿದ ದಿನ ನಿದ್ದೆ ತಡ, ಬೆಳಗ್ಗೆ ಕಣ್ಣು ಮಿಟುಕಿಸುವುದು ಜಾಸ್ತಿ. ಕೆಫೀನೇ ಮಾಡಿತೋ, ನಿದ್ದೆಗೆಟ್ಟಿದ್ದು ಮಾಡಿತೋ, ಹೇಗಿದ್ದರೂ ಬಿಡಿಸಿದ್ದು ಒಳ್ಳೆಯದೇ ಆಯಿತು. ಟೀ, ಕಾಫಿ, ಕೋಲಾ ಬಿಟ್ಟರೆ ಮಗುವಿಗೆ ನಷ್ಟ ಏನೂ ಇಲ್ಲ. ಹಾಲು ಬಿಟ್ಟರೆ ಇದೆ.

ಹುಬ್ಬಳ್ಳಿ, 8 ವರ್ಷದ ಮಗಳ ತಂದೆ:
ನಮ್ಮ ಅನುಭವ ಸ್ವಲ್ಪ ಬೇರೆ. ಬಣ್ಣ ಹಾಕಿದ ತಿಂಡಿ ನಿಲ್ಲಿಸಿದ ಮೇಲೆ ಮಗಳಿಗೆ ಕಡಿಮೆ ಆಯಿತು ಅಂತಲೇ ನನ್ನ ನಂಬಿಕೆ. ಜೆಲ್ಲಿ, ಕಿತ್ತಳೆ ಬಣ್ಣದ ಕುರುಕುಲು, ರಸ್ತೆ ಬದಿಯ ಕೆಂಪು ಗೋಬಿ, ಎಲ್ಲ ಬಂದ್ ಮಾಡಿದೆವು. ಮೈಸೂರಿನ ಅಕ್ಕ ಹೇಳಿದ ಹಾಗೆ ಅದು ಇಳಿಯುವ ಕಾಲವೇ ಇದ್ದಿರಬಹುದು, ಅಲ್ಲ ಅನ್ನುವುದಿಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮಕ್ಕಳಿಗೆ ಕೃತಕ ಬಣ್ಣ ಮತ್ತು ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದ್ದರು. ಕೆಲವು ಮಕ್ಕಳಲ್ಲಿ ಚಂಚಲತೆ ಜಾಸ್ತಿಯಾಯಿತು. ಅವರು ನೋಡಿದ್ದು ಚಂಚಲತೆಯನ್ನು, ಟಿಕ್ಸ್ ಅನ್ನಲ್ಲ. ಆದರೂ ಬಣ್ಣ ಮಗುವಿಗೆ ಬೇಕಾದ ವಸ್ತು ಅಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರವೇ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ಮಾಡಿತು. ಇದನ್ನು ಬಿಡಿಸಲು ಯಾರನ್ನೂ ಕೇಳಬೇಕಾಗಿಲ್ಲ.

ಬೆಂಗಳೂರು, ಡಯಟೀಷಿಯನ್:
ಆ ಲ್ಯಾಬ್ ಪರೀಕ್ಷೆಗೆ ದಯವಿಟ್ಟು ದುಡ್ಡು ಹಾಕಬೇಡಿ. ನೂರಾರು ಆಹಾರದ ಪಟ್ಟಿ ಕೊಡುವ ಇಂಥ ಪರೀಕ್ಷೆಗಳು ಸಾಮಾನ್ಯವಾಗಿ ನೋಡುವುದು ಐಜಿಜಿ ಎಂಬ ಪ್ರತಿಕಾಯವನ್ನು. ನಾವು ತಿನ್ನುವ ಆಹಾರಕ್ಕೆಲ್ಲ ಅದು ದೇಹದಲ್ಲಿ ಬರುತ್ತದೆ. ದಿನಾ ಅಕ್ಕಿ, ಹಾಲು, ತೊಗರಿ ತಿನ್ನುವ ಮಗುವಿಗೆ ಅವೇ ಪಟ್ಟಿಯಲ್ಲಿ ಕೆಂಪಾಗಿ ಬಂದರೆ ಆಶ್ಚರ್ಯ ಇಲ್ಲ. ಅಲರ್ಜಿ ತಜ್ಞರ ಸಂಘಗಳು ಇದನ್ನು ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳಿವೆ.

ಟಿಕ್ಸ್‌ಗೆ ಇದೇ ಪಥ್ಯ ಅಂತ ಗಟ್ಟಿಯಾಗಿ ಹೇಳುವಷ್ಟು ಪುರಾವೆ ಯಾವ ಊಟಕ್ಕೂ ಸಿಕ್ಕಿಲ್ಲ. ಆದರೂ ನಿಮಗೆ ಹಾಲಿನ ಮೇಲೆ ಬಲವಾದ ಅನುಮಾನ ಇದ್ದರೆ ಡಾಕ್ಟರಿಗೆ ಹೇಳಿ ಕ್ರಮವಾಗಿ ನೋಡಬಹುದು. ಒಂದು ಸಲಕ್ಕೆ ಒಂದೇ ಪದಾರ್ಥ ನಿಲ್ಲಿಸಿ, ಎರಡರಿಂದ ನಾಲ್ಕು ವಾರ. ಆಮೇಲೆ ಮತ್ತೆ ಕೊಡಲೇಬೇಕು. ಹೆಚ್ಚಿನವರು ಇದನ್ನೇ ಮಾಡುವುದಿಲ್ಲ. ಕೊಟ್ಟಾಗ ಏರಿ, ನಿಲ್ಲಿಸಿದಾಗ ಇಳಿದು, ಇನ್ನೊಮ್ಮೆ ಕೊಟ್ಟಾಗಲೂ ಹಾಗೇ ಆದರೆ ಮಾತ್ರ ಅನುಮಾನದಲ್ಲಿ ಹುರುಳಿದೆ. ಟಿಕ್ಸ್ ಇವತ್ತು ಎಷ್ಟಿತ್ತು ಅಂತ ಗುರುತು ಹಾಕುವ ಕೆಲಸವನ್ನು ಹಾಲು ನಿಲ್ಲಿಸಿದ್ದು ಗೊತ್ತಿಲ್ಲದವರಿಗೆ ಕೊಡಿ. ಗೊತ್ತಿದ್ದವರ ಕಣ್ಣಿಗೆ ಬೇಕಾದದ್ದೇ ಕಾಣುತ್ತದೆ. ಯಾವುದಾದರೂ ಆಹಾರ ತಿಂದು ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಆಗಿದ್ದರೆ ಅದನ್ನು ಮನೆಯಲ್ಲಿ ಮತ್ತೆ ಕೊಟ್ಟು ನೋಡಬೇಡಿ.

ಇನ್ನೆರಡು ಮಾತು. ಗೋಧಿ ಬಿಡಿಸುವ ಮೊದಲು ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ರಕ್ತ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ, ಅದರಲ್ಲೂ ಹೊಟ್ಟೆ ಉಬ್ಬರ, ಭೇದಿ, ತೂಕ ಏರದೆ ಇರುವುದು ಇದ್ದರೆ. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಮತ್ತೆ, ಮೊಟ್ಟೆ ಮಾಂಸ ತಿನ್ನದ ಮನೆಗಳಲ್ಲಿ ಮಗುವಿಗೆ ಬಿ12 ಬರುವುದೇ ಹಾಲು ಮೊಸರಿನಿಂದ. ಸುಣ್ಣದಂಶಕ್ಕೆ ರಾಗಿ ಇದೆ, ಬಿ12ಗೆ ರಾಗಿ ಆಗುವುದಿಲ್ಲ.

ಶಿವಮೊಗ್ಗ, ಪ್ರಾಥಮಿಕ ಶಾಲೆ ಶಿಕ್ಷಕಿ:
ನನ್ನ ತರಗತಿಯಲ್ಲಿ ಇಂಥ ಮಕ್ಕಳನ್ನು ನೋಡಿದ್ದೇನೆ. ಶಾಲೆಯಲ್ಲಿ ಬೇರೆಯವರು ನಗುತ್ತಾರೆ ಅಂತ ದಿನವಿಡೀ ತಡೆದುಕೊಳ್ಳುತ್ತಾರೆ. ಸೀನು ತಡೆದ ಹಾಗೆ, ಎಷ್ಟು ಹೊತ್ತು ಆಗುತ್ತದೆ? ಮನೆಗೆ ಹೋದ ಕೂಡಲೇ ಒಟ್ಟಿಗೆ ಬರುತ್ತದೆ. ಆ ಹೊತ್ತಿಗೆ ಸರಿಯಾಗಿ ಹಾಲು, ಬಿಸ್ಕತ್ತು ಕೊಟ್ಟಿರುತ್ತೀರಿ. ಹಾಗಾಗಿ ಸಂಜೆ ತಿಂಡಿಯ ಮೇಲೆ ಅನುಮಾನ ಬರುವುದು ಸಹಜ. ರಜೆಯ ದಿನ ಅದೇ ಹಾಲು ಬಿಸ್ಕತ್ತು ಕೊಟ್ಟಾಗ ಏನಾಗುತ್ತದೆ ನೋಡಿ. ‘ಕಣ್ಣು ಮಿಟುಕಿಸಬೇಡ’ ಅಂತ ಮನೆಯಲ್ಲಿ ಯಾರೂ ಹೇಳದಿರಲಿ. ಹೇಳಿದಷ್ಟೂ ಜಾಸ್ತಿ ಆಗುತ್ತದೆ.

ದಾವಣಗೆರೆ, ಕೇಳಿದ ತಾಯಿ:
ಎಲ್ಲರಿಗೂ ತುಂಬಾ ಧನ್ಯವಾದ. ಹಾಲು ನಿಲ್ಲಿಸುವುದಿಲ್ಲ, ನಾಳೆಯಿಂದ ಬರೆಯಲು ಶುರು ಮಾಡುತ್ತೇನೆ. ಮತ್ತೆ ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಮೈಸೂರು, 11 ವರ್ಷದ ಮಗನ ತಾಯಿ:
ನೋವಾಗುತ್ತಿದ್ದರೆ, ಓದು ಆಟಕ್ಕೆ ಅಡ್ಡಿ ಆದರೆ, ಮಗು ನಾಚಿಕೆಯಿಂದ ಶಾಲೆ ಬೇಡ ಅಂದರೆ ಕಾಯಬೇಡಿ. ಒಂದೆರಡು ದಿನದಲ್ಲೇ ಏಕಾಏಕಿ ವಿಪರೀತವಾಗಿ, ಜೊತೆಗೆ ಭಯ, ಊಟ ಬೇಡ ಅನ್ನುವುದು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು ಶುರುವಾದರೆ ಕೂಡಲೇ ಹೋಗಿ. ಇತ್ತೀಚೆಗೆ ಗಂಟಲು ನೋವು, ಜ್ವರ ಬಂದಿದ್ದರೆ ಅದನ್ನೂ ತಿಳಿಸಿ. ಪ್ರಜ್ಞೆ ತಪ್ಪಿದ ಹಾಗಾದರೂ ತಡ ಮಾಡಬೇಡಿ. ಕಣ್ಣಿನ ಡಾಕ್ಟರಿಗೂ ಒಮ್ಮೆ ತೋರಿಸಿ. ಕಣ್ಣಿನ ಅಲರ್ಜಿ, ಕನ್ನಡಕದ ನಂಬರ್ ಇದ್ದರೂ ಮಿಟುಕಿಸುತ್ತಾರೆ.

ಎಲ್ಲರಿಗೂ ಔಷಧ ಬೇಕಾಗುವುದಿಲ್ಲ. ಟಿಕ್ಸ್ ಬರುವ ಮೊದಲು ಮೈಯಲ್ಲಿ ಆಗುವ ಕಸಿವಿಸಿಯನ್ನು ಗುರುತಿಸಿ, ಅದರ ಬದಲು ಬೇರೆ ಚಲನೆ ಮಾಡಲು ಕಲಿಸುವ ತರಬೇತಿ ಇದೆ. ನನ್ನ ಮಗನಿಗೆ ಭುಜದ್ದು ಅದರಿಂದಲೇ ಹತೋಟಿಗೆ ಬಂತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗ ಇದೆ. ಅಷ್ಟು ದೂರ ಹೋಗುವ ಮೊದಲು ಕನ್ನಡದಲ್ಲೇ ಮಾತಾಡಿ ಕೇಳಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಬಹಳ ಮಕ್ಕಳಿಗೆ ಹತ್ತು ಹನ್ನೆರಡು ವರ್ಷದ ಹೊತ್ತಿಗೆ ಇದು ಜೋರಾಗಿ, ಹದಿಹರೆಯದಲ್ಲಿ ಕಡಿಮೆ ಆಗುತ್ತಾ ಬರುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ನೋಟ್‌ಬುಕ್ ಜೊತೆ ಮೊಬೈಲಿನಲ್ಲಿ ಒಂದು ಚಿಕ್ಕ ವಿಡಿಯೋ ಇಟ್ಟುಕೊಳ್ಳಿ, ಮಗನಿಗೆ ಮುಜುಗರ ಆಗದ ಹಾಗೆ ತೆಗೆದದ್ದು. ಡಾಕ್ಟರ ಎದುರು ಕೂತಾಗ ಬಹಳ ಮಕ್ಕಳು ಒಂದು ಸಲವೂ ಮಾಡುವುದಿಲ್ಲ.