ಸಂಘದ ಲೆಕ್ಕ, ಮನೆ ಗುಂಪಿನ ಜಗಳ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ 2025ರ ಜುಲೈನ ಒಂದು ಭಾನುವಾರ ನಡೆದ ಮಾತುಕತೆ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರು ತೆಗೆದು, ಅವರು ನನಗೆ ಏನಾಗಬೇಕೋ ಅಷ್ಟನ್ನೇ ಉಳಿಸಿದ್ದೇನೆ. ಮಧ್ಯೆ ಬಂದ ಗುಡ್ ಮಾರ್ನಿಂಗ್ ಹೂವು, ಕಷಾಯದ ವಿಡಿಯೋ ಬಿಟ್ಟಿದ್ದೇನೆ.

ಸಂಘ ಅಂದರೆ ದೊಡ್ಡಪ್ಪ ಮತ್ತು ಅವರ ಸ್ನೇಹಿತರು ಊರಲ್ಲಿ ಕಟ್ಟಿದ ನೆರವು ಸಂಘ. ವಯಸ್ಸಾದವರಿಗೆ ಬಿಪಿ, ಶುಗರ್ ಮಾತ್ರೆ. ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುವವರಿಗೆ ಆಟೋ. ಬಿದ್ದು ಕಾಲು ಮುರಿದುಕೊಂಡವರಿಗೆ ವಾಕರ್. ಅದರ ಕೆಲಸ ಇಷ್ಟೇ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದೆ.

ಚಿಕ್ಕಪ್ಪ: (ಫೋಟೋ: 2024-25ರ ಆಡಿಟ್ ವರದಿಯ ಒಂದು ಪುಟ, ಮೂರು ಕಡೆ ಕೆಂಪು ಗೆರೆ)

ಚಿಕ್ಕಪ್ಪ: ಎಲ್ಲರೂ ನೋಡಿ. ಸಂಬಳ 1,80,000. ಕಚೇರಿ ಬಾಡಿಗೆ 48,000. ಬಂದದ್ದು 11,40,000, ಖರ್ಚಾದದ್ದು 7,90,000. ಮಿಕ್ಕ ಮೂರೂವರೆ ಲಕ್ಷ ಎಲ್ಲಿ? ಬಡವರಿಗೆ ಅಂತ ಕೊಟ್ಟ ದುಡ್ಡು ಬ್ಯಾಂಕಲ್ಲಿ ಮಲಗಿದೆಯಾ?

ಚಿಕ್ಕಪ್ಪ: ಯಾರ ಮೇಲೂ ಆರೋಪ ಅಲ್ಲ. ಸುಮ್ನೆ ಕೇಳ್ತಿದ್ದೀನಿ.

(ನಮ್ಮ ಗುಂಪಿನಲ್ಲಿ "ಆರೋಪ ಅಲ್ಲ" ಅಂತ ಶುರುವಾದ ಮಾತು ಊಟದ ಹೊತ್ತಿಗೆ ಮುಗಿದದ್ದಿಲ್ಲ.)

ಡಲ್ಲಾಸ್ ಭಾವ (ಅತ್ತೆಯ ಮಗ): ಸಂಬಳ ಯಾರಿಗೆ? ಎಲ್ಲರೂ ಸೇವೆ ಅಂತ ಮಾಡೋದಲ್ವಾ?

ದೊಡ್ಡಪ್ಪ: ನೋಡಿದೆ. ಈ ವಯಸ್ಸಲ್ಲಿ ಇದನ್ನೂ ಕೇಳಿಸ್ಕೊಳ್ಳಬೇಕಾಯ್ತಲ್ಲ. ಸಂಘದ ದುಡ್ಡಲ್ಲಿ ಒಂದು ಲೋಟ ಕಾಫಿ ಕುಡಿದವನಲ್ಲ ನಾನು.

ಚಿಕ್ಕಪ್ಪ: ಅಣ್ಣ, ನೀನು ಕುಡಿದೆ ಅಂತ ಯಾರು ಹೇಳಿದ್ರು? ಕೆಂಪು ಗೆರೆ ಎಳೆದಿರೋದು ಲೆಕ್ಕಕ್ಕೆ.

ನಾನು: ಸಂಬಳದ ವಿಷಯ ನಾನು ಹೇಳ್ತೀನಿ, ಊರಲ್ಲಿರೋದು ನಾನೇ ಅಲ್ವಾ. ತಿಂಗಳಿಗೆ 15,000, ಒಬ್ಬಳೇ ಹುಡುಗಿ. ಮಾತ್ರೆ ಹಂಚೋದು, ಆಟೋ ಹೊಂದಿಸೋದು ಇದ್ದೇ ಇದೆ. ಅವಳ ದೊಡ್ಡ ಕೆಲಸ ನಾಡಕಚೇರಿಯಲ್ಲಿ. ಕೆಳಗಿನ ಬೀದಿ ಅಜ್ಜಿಯ ಆಧಾರ್‌ನಲ್ಲಿ ವಯಸ್ಸು 61 ಅಂತಿತ್ತು, ವೋಟರ್ ಕಾರ್ಡಲ್ಲಿ 68. 65 ತುಂಬದೆ ಸಂಧ್ಯಾ ಸುರಕ್ಷಾ ಪಿಂಚಣಿ ಸಿಗೋಲ್ಲ. ಆಧಾರ್ ತಿದ್ದಿಸಿ, ಅರ್ಜಿ ಹಾಕಿಸಿ, ಮಂಜೂರಾದ ಮೇಲೂ ದುಡ್ಡು ಬರಲಿಲ್ಲ. ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಮತ್ತೆ ಬ್ಯಾಂಕಿಗೆ ಅಜ್ಜಿಯನ್ನ ಕೂರಿಸ್ಕೊಂಡು ಹೋದಳು. ಈಗ ತಿಂಗಳಿಗೆ 1,200 ಬರುತ್ತೆ.

ನಾನು: ಹೋದ ವರ್ಷ ಹೀಗೆ 22 ಜನಕ್ಕೆ ಮಾಡಿಸಿದ್ದಾಳೆ. ಒಬ್ಬರಿಗೆ ವರ್ಷಕ್ಕೆ 14,400. ಗುಣಿಸಿದರೆ 3,16,800. ಅವಳ ಸಂಬಳಕ್ಕಿಂತ ಜಾಸ್ತಿ, ಅದೂ ಪ್ರತಿವರ್ಷ ಬರೋದು.

ಅತ್ತೆ: ಇದು ವರದಿಯಲ್ಲಿ ಎಲ್ಲೂ ಇಲ್ವಲ್ಲೋ!

ನಾನು: ಇಲ್ಲ ಅತ್ತೆ. ಆಡಿಟ್ ಪುಟದಲ್ಲಿ ಅವಳು "ಸಿಬ್ಬಂದಿ ವೆಚ್ಚ" ಅಷ್ಟೇ.

ಚಿಕ್ಕಪ್ಪ: ಸರಿ, ಸಂಬಳ ಬಿಡೋಣ. ಅದರ ಬದಲು ಅಕ್ಕಿ ಮೂಟೆ ಹಂಚಬಹುದಿತ್ತು ಅನ್ನೋದು ನನ್ನ ಅಭಿಪ್ರಾಯ.

ಅತ್ತೆ: ಅಕ್ಕಿ ಅನ್ನಭಾಗ್ಯದಲ್ಲಿ ಬರುತ್ತೆ ಕಣೋ. ಮಾತ್ರೆಗೆ, ಆಟೋಗೆ ದುಡ್ಡಿಲ್ಲ ಅನ್ನೋದೇ ಅವರ ಕಷ್ಟ. ಅಕ್ಕಿ ಹಂಚಿದರೆ ಫೋಟೋ ಚೆನ್ನಾಗಿ ಬರುತ್ತೆ, ಅಷ್ಟೇ.

ಚಿಕ್ಕಪ್ಪ: ಬಾಡಿಗೆ? 48,000 ಯಾರಿಗೆ ಹೋಗ್ತಿದೆ ಅಂತ ಅಣ್ಣನೇ ಹೇಳಲಿ.

(ಇಲ್ಲಿ ಗುಂಪು ಸುಮಾರು ಹೊತ್ತು ತಣ್ಣಗಾಯಿತು. ಎಲ್ಲರಿಗೂ ಉತ್ತರ ಗೊತ್ತು. ಸಂಘದ ಕಚೇರಿ ಇರೋದು ದೊಡ್ಡಪ್ಪನ ಮನೆ ಮುಂದಿನ ಕೋಣೆಯಲ್ಲಿ. ಮನೆ ಇರೋದು ದೊಡ್ಡಮ್ಮನ ಹೆಸರಲ್ಲಿ.)

ದೊಡ್ಡಮ್ಮ: (ವಾಯ್ಸ್ ಮೆಸೇಜ್, ನಾನು ಬರೆದುಕೊಂಡದ್ದು) ಹೌದಪ್ಪ, ನನಗೇ ಬರುತ್ತೆ. ತಿಂಗಳಿಗೆ ನಾಲ್ಕು ಸಾವಿರ. ಮೊದಲು ಬಸ್ ಸ್ಟ್ಯಾಂಡ್ ಹತ್ತಿರ ಏಳು ಸಾವಿರಕ್ಕಿತ್ತು, ಗೊತ್ತಾ? ಬೆಳಿಗ್ಗೆ ಏಳಕ್ಕೇ ಬಾಗಿಲಲ್ಲಿ ಚಪ್ಪಲಿ ರಾಶಿ. ಕರೆಂಟು ಬಿಲ್ಲೂ ನಮ್ಮದೇ, ಬಂದವರಿಗೆ ಕಾಫಿನೂ ನಮ್ಮದೇ. ಬೇಡ ಅಂದ್ರೆ ನಾಳೆಯಿಂದ ಆ ಬಾಡಿಗೆನೂ ಬೇಡ. ಕೋಣೆ ಖಾಲಿ ಮಾಡಿ, ನಾನು ಸಂಡಿಗೆ ಒಣಗಿಸ್ತೀನಿ.

ಅಕ್ಕ (ಸಿಎ ಆಫೀಸು): ದೊಡ್ಡಮ್ಮ, ಬಾಡಿಗೆ ತಗೊಳ್ಳೋದು ತಪ್ಪಲ್ಲ. ಸಂಘ ನಡೆಸುವವರ ಮನೆಯವರಿಗೆ ಊರಿನ ದರಕ್ಕಿಂತ ಜಾಸ್ತಿ ಕೊಟ್ಟರೆ ಮಾತ್ರ ಆ ಜಾಸ್ತಿ ದುಡ್ಡಿಗೆ ಸಂಘದ ತೆರಿಗೆ ವಿನಾಯಿತಿ ಹೋಗುತ್ತೆ. ನಿಮ್ಮದು ಕಡಿಮೆನೇ ಇದೆ. ಬಾಡಿಗೆ ಕರಾರು ಮಾಡಿಸಿದ್ದೀರಾ? ಸಮಿತಿ ನಿರ್ಣಯದ ಪುಸ್ತಕದಲ್ಲಿ ಬರೆದಿದೆಯಾ?

ದೊಡ್ಡಪ್ಪ: ಬಾಯಲ್ಲಿ ಎಲ್ಲರೂ ಒಪ್ಪಿದ್ರು.

ಅಕ್ಕ: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ನೀವೇ ಅಧ್ಯಕ್ಷರು, ನಿಮ್ಮ ಮನೆಗೇ ಬಾಡಿಗೆ, ಅದನ್ನ ಒಪ್ಪಿದ್ದಕ್ಕೆ ಒಂದು ಸಾಲಿನ ಬರಹ ಇಲ್ಲ. ಚಿಕ್ಕಪ್ಪನೇ ಗೆರೆ ಎಳೆದಿದ್ದಾರೆ. ಆದಾಯ ತೆರಿಗೆಯವರು ಎಳೆಯೋಲ್ವಾ?

ಚಿಕ್ಕಪ್ಪ: ಈಗ ಬಂತು ದಾರಿಗೆ.

ಅಕ್ಕ: ನಿಮ್ಮ ಮೂರೂವರೆ ಲಕ್ಷಕ್ಕೂ ಬರ್ತೀನಿ ಚಿಕ್ಕಪ್ಪ. ಅದು ಎಲ್ಲೂ ಹೋಗಿಲ್ಲ, ಬ್ಯಾಂಕಿನಲ್ಲೇ ಇದೆ. 12ಎ, ಅಂದರೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ ಇರುವ ಸಂಘ ವರ್ಷದ ಆದಾಯದಲ್ಲಿ 85% ಅದೇ ವರ್ಷ ಕೆಲಸಕ್ಕೆ ಬಳಸಬೇಕು. 15% ಕಾರಣ ಕೊಡದೆ ಉಳಿಸಿಕೊಳ್ಳಬಹುದು. 11,40,000ಕ್ಕೆ 85% ಅಂದರೆ 9,69,000. ಖರ್ಚು 7,90,000. ಕೊರತೆ 1,79,000.

ಡಲ್ಲಾಸ್ ಭಾವ: ಅಷ್ಟಕ್ಕೆ ಟ್ಯಾಕ್ಸ್ ಬೀಳುತ್ತಾ?

ಅಕ್ಕ: ಸುಮ್ನೆ ಬಿಟ್ಟರೆ ಬೀಳಬಹುದು. ಇಂಥ ಕೆಲಸಕ್ಕೆ ಅಂತ ಬರೆದು ಆದಾಯ ತೆರಿಗೆಯವರಿಗೆ ಫಾರ್ಮ್ 10 ಹಾಕಿದರೆ 5 ವರ್ಷದವರೆಗೆ ಇಟ್ಟುಕೊಳ್ಳಬಹುದು. ಆದರೆ ಕೊನೆ ದಿನದೊಳಗೆ ಹಾಕಬೇಕು, ಅದಕ್ಕೂ ಸಮಿತಿ ನಿರ್ಣಯ ಬೇಕು. ದೊಡ್ಡಪ್ಪ, ಇಷ್ಟು ಮಿಕ್ಕಿದ್ದು ಹೇಗೆ?

ದೊಡ್ಡಪ್ಪ: ಮಾರ್ಚಿನಲ್ಲಿ ಒಬ್ಬರು ತಂದೆ ನೆನಪಿಗೆ ಮೂರು ಲಕ್ಷ ಕೊಟ್ರು. ಅಸಲು ಮುಟ್ಟಬೇಡಿ, ಬಡ್ಡಿಯಲ್ಲಿ ಮಾತ್ರೆ ಕೊಡಿಸಿ ಅಂದ್ರು. ಎಫ್‌ಡಿ ಮಾಡಿದೆ. ಅದರಲ್ಲಿ ತಪ್ಪೇನು?

ಅಕ್ಕ: ತಪ್ಪಿಲ್ಲ. ಅದು ಮೂಲನಿಧಿ. ಕೊಟ್ಟವರು ಹಾಗಂತ ಪತ್ರ ಬರೆದುಕೊಟ್ಟಿದ್ದರೆ ಈ 85ರ ಲೆಕ್ಕಕ್ಕೇ ಬರ್ತಿರಲಿಲ್ಲ. ಪತ್ರ ಇದೆಯಾ?

ದೊಡ್ಡಪ್ಪ: ಅವರು ನನ್ನ ಹಳೇ ಶಿಷ್ಯ. ಪತ್ರ ಕೇಳೋಕಾಗುತ್ತಾ?

ಅಕ್ಕ: ಅದಕ್ಕೇ ಆಡಿಟರು ಆದಾಯಕ್ಕೆ ಸೇರಿಸಿದ್ದಾರೆ.

ಚಿಕ್ಕಪ್ಪ: ಇರಲಿ. ನಾನು ಹೋದ ವರ್ಷ 5,000 ಕೊಟ್ಟೆ. ತೆರಿಗೆ ರಿಯಾಯಿತಿಗೆ ಬೇಕಾದ 80ಜಿ ರಸೀದಿ ಬಂದಿಲ್ಲ. ಅದಕ್ಕೇನು ಹೇಳ್ತೀರಿ?

ಅಕ್ಕ: ಹೇಗೆ ಕೊಟ್ರಿ?

ಚಿಕ್ಕಪ್ಪ: ಕೈಯಲ್ಲಿ. ಅಣ್ಣನ ಮನೆಗೆ ಹಬ್ಬಕ್ಕೆ ಹೋದಾಗ.

ಅಕ್ಕ: 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ 80ಜಿ ಸಿಗೋಲ್ಲ ಚಿಕ್ಕಪ್ಪ. ಅದೂ ಅಲ್ಲದೆ ನೀವು ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದೀರಿ, ನಾನೇ ರಿಟರ್ನ್ ಹಾಕಿದ್ದು. ಅದರಲ್ಲಿ 80ಜಿ ಇಲ್ಲವೇ ಇಲ್ಲ.

ಮಾವ: 😂😂

ಅತ್ತೆ: ರೀ, ನೀವು ಎದ್ದಿದ್ದೀರಾ?

ಡಲ್ಲಾಸ್ ಭಾವ: ಇಷ್ಟೆಲ್ಲ ಜಗಳ ಯಾಕೆ? ದೊಡ್ಡ ಮಾವ, ನಾನು ಸಂಘಕ್ಕೆ ಐದು ಲಕ್ಷ ಕಳಿಸ್ತೀನಿ. ಸ್ವಂತ ಕಚೇರಿ ಕಟ್ಟಿ. ಬಾಡಿಗೆ ಪ್ರಶ್ನೆನೇ ಇರೋಲ್ಲ.

ದೊಡ್ಡಪ್ಪ: ಒಳ್ಳೆಯದಾಗಲಿ ಕಣಪ್ಪ. ಖಾತೆ ನಂಬರ್ ಕಳಿಸ್ತೀನಿ.

ಅಕ್ಕ: ನಿಲ್ಲಿ ನಿಲ್ಲಿ. ಭಾವ, ನಿಮಗೆ ಅಮೆರಿಕದ ಪಾಸ್‌ಪೋರ್ಟ್ ಬಂತಲ್ವಾ?

ಡಲ್ಲಾಸ್ ಭಾವ: ಬಂತು. ಪಾರ್ಟಿ ಫೋಟೋ ಇಲ್ಲೇ ಹಾಕಿದ್ನಲ್ಲ.

ಅಕ್ಕ: ಹಾಗಾದರೆ ನಿಮ್ಮ ದುಡ್ಡು ವಿದೇಶಿ ದೇಣಿಗೆ. ಭಾರತದ ಪ್ರಜೆಯಾಗಿ ಅಲ್ಲಿದ್ದಾಗ ನಿಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದ್ದು ಬೇರೆ ಲೆಕ್ಕ. ಪೌರತ್ವ ಬದಲಾದ ಮೇಲೆ ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ನಿಯಂತ್ರಣದ ಕಾಯ್ದೆಯಾದ ಎಫ್‌ಸಿಆರ್‌ಎ ಅನ್ವಯ ಆಗುತ್ತೆ. ಸಂಘಕ್ಕೆ ಆ ನೋಂದಣಿ ಇಲ್ಲ. ಇದ್ದಿದ್ದರೂ 2020ರ ತಿದ್ದುಪಡಿ ಆದಮೇಲೆ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ಡಲ್ಲಾಸ್ ಭಾವ: ಇದೊಳ್ಳೆ ಕಥೆ. ನಾನು ಹುಟ್ಟಿದ ಊರಿಗೆ ನಾನೇ ವಿದೇಶಿಯಾ? ಸರಿ, ಅಮ್ಮನ ಖಾತೆಗೆ ಹಾಕ್ತೀನಿ, ಅಮ್ಮ ಕೊಡಲಿ.

ಅತ್ತೆ: ನನ್ನ ಖಾತೆಯನ್ನ ಇದಕ್ಕೆ ಎಳೀಬೇಡ. ಬ್ಯಾಂಕಲ್ಲಿದ್ದಾಗ ಇಂಥ ಸುತ್ತು ದಾರಿ ಎಷ್ಟು ನೋಡಿಲ್ಲ ನಾನು.

(ಅತ್ತೆ ಬ್ಯಾಂಕಿನಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಇಷ್ಟು ಹೊತ್ತು ಓದುತ್ತಾ ಕೂತಿದ್ದರು ಅನ್ನಿಸುತ್ತೆ. ಮುಂದಿನ ಪ್ರಶ್ನೆ ಯಾರೂ ಕೆಂಪು ಗೆರೆ ಎಳೆಯದ ಜಾಗದ್ದು.)

ಅತ್ತೆ: ಅಣ್ಣ, ಒಂದು ಕೇಳ್ತೀನಿ. ಚೆಕ್ಕಿಗೆ ಎರಡು ಸಹಿ ಅಲ್ವಾ? ನಿನ್ನದು, ಖಜಾಂಚಿಯದು. ಅವರು ಮಗನ ಮನೆಗೆ ಹೈದರಾಬಾದಿಗೆ ಹೋಗಿ ವರ್ಷದ ಮೇಲಾಯ್ತಲ್ಲ. ಸಹಿ ಹೇಗೆ ಮಾಡ್ತಾರೆ?

ದೊಡ್ಡಪ್ಪ: ಬಂದಾಗ ಮಾಡಿಟ್ಟು ಹೋಗ್ತಾರೆ.

ಅತ್ತೆ: ಏನು ಮಾಡಿಟ್ಟು?

ದೊಡ್ಡಪ್ಪ: ಸಹಿ. ಹಾಳೆಗಳಿಗೆಲ್ಲ.

ಅತ್ತೆ: ಖಾಲಿ ಚೆಕ್ಕಿಗೆ???

ದೊಡ್ಡಪ್ಪ: ಬೀರುವಿನಲ್ಲಿ ಇಟ್ಟಿದ್ದೀನಿ, ಬೀಗ ಹಾಕಿ.

ಅತ್ತೆ: ಅಣ್ಣ, ಎರಡು ಸಹಿ ಅಂತ ಮಾಡೋದೇ ಒಬ್ಬರೇ ದುಡ್ಡು ತೆಗೆಯಬಾರದು ಅಂತ. ಈಗ ಒಂದೇ ಸಹಿ ಆಯ್ತು, ನಿನ್ನದು. ನೀನು ಒಂದು ರೂಪಾಯಿ ಮುಟ್ಟೋಲ್ಲ, ಗೊತ್ತು. ಆ ಬೀರು ಕೀಲಿ ಇನ್ಯಾರ ಕೈಗೋ ಸಿಕ್ಕರೆ? ನಾಳೆ ಒಂದು ಚೆಕ್ಕು ಕಾಣೆಯಾದರೆ ಮೊದಲು ಯಾರ ಹೆಸರು ಬರುತ್ತೆ?

(ದೊಡ್ಡಪ್ಪ ಟೈಪ್ ಮಾಡ್ತಿದ್ದಾರೆ ಅಂತ ತೋರಿಸ್ತಾ ಇತ್ತು. ನಿಂತಿತು. ಮತ್ತೆ ತೋರಿಸಿತು.)

ದೊಡ್ಡಪ್ಪ: ಸಾಕು. ನಾನು ರಾಜೀನಾಮೆ ಕೊಡ್ತೀನಿ. ನೀವೇ ನಡೆಸಿ.

ಚಿಕ್ಕಪ್ಪ: ಅಣ್ಣ, ಅದಕ್ಕೆ ಹೇಳಿದ್ದಲ್ಲ.

ಅತ್ತೆ: ರಾಜೀನಾಮೆ ಕೊಡೋಕೂ ಸಭೆ ಬೇಕು ಅಣ್ಣ. ಕೊನೇ ವಾರ್ಷಿಕ ಸಭೆ ಯಾವಾಗ ಆಯ್ತು?

ದೊಡ್ಡಪ್ಪ: ಕೊರೋನಾಕ್ಕೆ ಮುಂಚೆ.

ಅಕ್ಕ: ಅಯ್ಯೋ ದೊಡ್ಡಪ್ಪ! ಸಭೆ ನಡೆಸಿ ಪ್ರತಿವರ್ಷ ಸಮಿತಿ ಪಟ್ಟಿ, ಲೆಕ್ಕಪತ್ರ ಎಲ್ಲ ನೋಂದಣಾಧಿಕಾರಿಗೆ ಕೊಡಬೇಕು. ಸಮಿತಿಯಲ್ಲಿ ಈಗ ಎಷ್ಟು ಜನ?

ದೊಡ್ಡಪ್ಪ: ಏಳು. ಇಬ್ಬರು ತೀರಿಕೊಂಡರು. ಒಬ್ಬರು ಹೈದರಾಬಾದು. ಇನ್ನೊಬ್ಬರಿಗೆ ಕಿವಿ ಕೇಳಿಸೋಲ್ಲ, ಆದರೂ ಬರ್ತಾರೆ. ಯಾರನ್ನ ಕರೆದರೂ "ನೀವಿದ್ದೀರಲ್ಲ ಮೇಷ್ಟ್ರೇ" ಅಂತಾರೆ. ನಾನೇನು ಮಾಡಲಿ?

(ನನ್ನ ಕಣ್ಣಿಗೆ ಇಡೀ ಜಗಳದಲ್ಲಿ ಮುಖ್ಯವಾದ ಮಾತು ಇದೇ. ಊರು ಒಬ್ಬ ಒಳ್ಳೆಯ ಮೇಷ್ಟ್ರ ಮೇಲೆ ಸಂಘ ಹೊರಿಸಿ ಕೈತೊಳೆದುಕೊಂಡಿದೆ. ನಾವೂ ಸೇರಿ. ಫೋಟೋಗೆ ಗೆರೆ ಎಳೆಯೋಕೆ ಪುರುಸೊತ್ತಿದೆ, ಸಭೆಗೆ ಹೋಗೋಕಿಲ್ಲ.)

ಚಿಕ್ಕಪ್ಪ: ಸಭೆ ಕರೆಯದಿದ್ದರೆ ಸದಸ್ಯರು ಸೇರಿ ನೋಂದಣಾಧಿಕಾರಿಗೆ ದೂರು ಕೊಟ್ಟು ವಿಚಾರಣೆ ಮಾಡಿಸಬಹುದು. ನಾನು ಓದಿದ್ದೀನಿ.

ಅಕ್ಕ: ಹೌದು, ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ಅವರು ವಿಚಾರಣೆ ನಡೆಸಲೇಬೇಕು. ನೀವು ಚಂದಾ ಕಟ್ಟಿದ ಸದಸ್ಯರಾ?

ಚಿಕ್ಕಪ್ಪ: ...

ದೊಡ್ಡಪ್ಪ: ಮೂರು ವರ್ಷದ ಬಾಕಿ ಇದೆ.

ಮಾವ: 😂

ನಾನು: ದೊಡ್ಡಪ್ಪ, ಸಭೆ ಕರೆಯಿರಿ. ನೋಟಿಸ್ ನಾನು ಬರೆದು ಹಂಚ್ತೀನಿ. ಆ ಹುಡುಗಿಯನ್ನೂ ಕೂರಿಸಿ, 22 ಜನರ ಪಟ್ಟಿ ಅವಳೇ ಓದಲಿ.

ಅಕ್ಕ: ವಿಷಯಪಟ್ಟಿ ನಾನು ಮಾಡ್ತೀನಿ. ಖಾಲಿ ಜಾಗಕ್ಕೆ ಹೊಸಬರು, ಊರಲ್ಲೇ ಇರುವ ಖಜಾಂಚಿ, ಬಾಡಿಗೆ ಕರಾರು, ಫಾರ್ಮ್ 10. ಬಾಡಿಗೆ ವಿಷಯ ಬಂದಾಗ ದೊಡ್ಡಪ್ಪ ಮತ ಹಾಕಬಾರದು, ಹೊರಗೆ ಕೂರಬೇಕು. ಸಹಿ ಹಾಕಿದ ಚೆಕ್ ಹಾಳೆಗಳಿಗೆಲ್ಲ ಅಡ್ಡ ಗೆರೆ ಎಳೆದು ರದ್ದು ಮಾಡಿ, ಇವತ್ತೇ.

ದೊಡ್ಡಪ್ಪ: ನನ್ನ ಮನೆಯಲ್ಲೇ ಸಭೆ, ನಾನೇ ಹೊರಗೆ ಕೂರಬೇಕಾ?

ದೊಡ್ಡಮ್ಮ: ಅಡುಗೆಮನೆಗೆ ಬನ್ನಿ, ಕೆಲಸ ಇದೆ.

ಅತ್ತೆ: ಖಜಾಂಚಿ ಹೆಣ್ಣುಮಕ್ಕಳಲ್ಲಿ ಯಾರಾದರೂ ಆಗಲಿ. ನಾನು ಶಿವಮೊಗ್ಗದಿಂದ ಬಂದು ಒಂದು ವಾರ ಇದ್ದು ಲೆಕ್ಕ ಬರೆಯೋದು ಕಲಿಸಿ ಹೋಗ್ತೀನಿ.

ಡಲ್ಲಾಸ್ ಭಾವ: ನನ್ನ ದುಡ್ಡು ಬೇಡ ಅಂತಾಯ್ತು. ನಾನು ಏನು ಮಾಡಲಿ?

ನಾನು: ನಿಮ್ಮ ತಲೆ ಕೊಡಿ ಭಾವ. ಯಾರಿಗೆ ಯಾವ ಮಾತ್ರೆ ಯಾವತ್ತು ಮುಗಿಯುತ್ತೆ ಅಂತ ಅವಳು ನೋಟ್‌ಬುಕ್ಕಲ್ಲಿ ಬರೆದಿಡ್ತಾಳೆ. ಒಂದು ಶೀಟ್ ಮಾಡಿಕೊಡಿ, ಫೋನಲ್ಲಿ ತೆರೆಯೋ ಹಾಗೆ.

ಚಿಕ್ಕಪ್ಪ: ಸರಿ ಅಣ್ಣ, ನನ್ನ ಬಾಕಿ ಚಂದಾ ಎಷ್ಟು? ಈಗಲೇ ಫೋನ್‌ಪೇ ಮಾಡ್ತೀನಿ. ಸಭೆಯಲ್ಲಿ ಕೂತು ಕೇಳ್ತೀನಿ ಮಿಕ್ಕಿದ್ದನ್ನ.

ದೊಡ್ಡಪ್ಪ: 1,500. ನನ್ನ ನಂಬರಿಗೇ ಹಾಕು.

ಅತ್ತೆ: ನಿನ್ನ ನಂಬರಿಗಾ? ಅಣ್ಣಾ!

ದೊಡ್ಡಪ್ಪ: ಸಂಘದ ಖಾತೆಗೆ ಕ್ಯೂಆರ್ ಇಲ್ಲಮ್ಮ. ಎಲ್ಲರೂ ಹಾಗೇ ಹಾಕೋದು. ನಾನು ಬರೆದಿಟ್ಕೊಂಡು ಆಮೇಲೆ ಕಟ್ತೀನಿ.

ಅಕ್ಕ: ವಿಷಯಪಟ್ಟಿಗೆ ಇನ್ನೊಂದು ಸೇರಿಸಿದೆ.