ಮಂಡಿ ಸವೆತ ಇದೆ, ಬಜೆಟ್ 25 ಸಾವಿರ: ಮನೆಗೆ ಯಾವ ಎಲಿಪ್ಟಿಕಲ್ ತಗೊಳ್ಳಲಿ?

ಪ್ರಶ್ನೆ (ದಾವಣಗೆರೆಯಿಂದ):
ನಮಸ್ಕಾರ. ನಾನು ಹೈಸ್ಕೂಲ್ ಮೇಷ್ಟ್ರು, ವಯಸ್ಸು 47. ಎತ್ತರ 5 ಅಡಿ 4 ಇಂಚು, ತೂಕ 78 ಕೆಜಿ. ಬಲ ಮಂಡಿಯಲ್ಲಿ ಸವೆತ ಶುರುವಾಗಿದೆ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ಸದ್ಯ ಓಡಬೇಡಿ, ತೂಕ ಇಳಿಸಿ, ಎಲಿಪ್ಟಿಕಲ್ (ನಿಂತುಕೊಂಡೇ ನಡೆದ ಹಾಗೆ ಪೆಡಲ್ ತುಳಿಯುವ ಯಂತ್ರ) ಮಾಡಬಹುದು ಎಂದರು. ಎರಡನೇ ಮಹಡಿಯ ಬಾಡಿಗೆ ಮನೆ, ಕೆಳಗೆ ಓನರ್ ಇದ್ದಾರೆ. ಆನ್‌ಲೈನ್‌ನಲ್ಲಿ 12 ಸಾವಿರದ್ದು ಒಂದು ನೋಡಿದೆ. ಅದಕ್ಕೆ ಸೀಟೂ ಇದೆ, ಸೈಕಲ್ಲೂ ಆಗುತ್ತದಂತೆ. ಇನ್ನೊಂದು 24 ಸಾವಿರದ್ದು, ಸೀಟಿಲ್ಲ. ಅದಕ್ಕೆ ದುಪ್ಪಟ್ಟು ದುಡ್ಡು ಕೊಡುವಂಥದ್ದು ಏನಿದೆ?

ಉತ್ತರ (ಫಿಸಿಯೋಥೆರಪಿಸ್ಟ್):
ನಮಸ್ಕಾರ ಮೇಷ್ಟ್ರೇ. ನಿಮ್ಮ ಮಂಡಿಗೆ ಸಂಬಂಧಪಟ್ಟ ವ್ಯತ್ಯಾಸ ಒಂದೇ: ಹೆಜ್ಜೆಯ ಉದ್ದ. ಕಂಪನಿಯವರು ಇದನ್ನು ಸ್ಟ್ರೈಡ್ ಲೆಂತ್ ಅಂತ ಬರೆದಿರುತ್ತಾರೆ. ಅಗ್ಗದ ಯಂತ್ರಗಳಲ್ಲಿ ಎಷ್ಟೋ ಸಲ ಬರೆದೇ ಇರುವುದಿಲ್ಲ. ಬರೆದಿಲ್ಲ ಅಂದರೆ ಸಾಮಾನ್ಯವಾಗಿ ಹೇಳಿಕೊಳ್ಳುವಂಥದ್ದು ಇಲ್ಲ ಎಂದೇ ಅರ್ಥ.

ಸೀಟಿರುವ 12 ಸಾವಿರದ್ದನ್ನು ಅಂಗಡಿಯವರು ಆರ್ಬಿಟ್ರೆಕ್ ಅನ್ನುತ್ತಾರೆ. ಇವುಗಳ ಸ್ಟ್ರೈಡ್ 10ರಿಂದ 12 ಇಂಚಿನ ಆಸುಪಾಸು. ಅಷ್ಟು ಚಿಕ್ಕ ಸುತ್ತಿನಲ್ಲಿ ಕಾಲು ಮುಂದೆ ಚಾಚುವುದಿಲ್ಲ, ಮೇಲೆ ಕೆಳಗೆ ಹೋಗುತ್ತದೆ. ಮಂಡಿ ಜಾಸ್ತಿ ಮಡಚುತ್ತದೆ. ನಡೆದ ಹಾಗೆ ಅನಿಸುವುದಿಲ್ಲ, ಮೆಟ್ಟಿಲು ಹತ್ತಿದ ಹಾಗೆ ಅನಿಸುತ್ತದೆ. ಮಂಡಿ ಸವೆದವರಿಗೆ ಮೊದಲು ನೋವು ಕೊಡುವುದೇ ಮೆಟ್ಟಿಲು, ಅಲ್ವಾ? ನಿಮ್ಮ ಎತ್ತರಕ್ಕೆ 14 ಇಂಚಿಗಿಂತ ಕಡಿಮೆಯದು ಬೇಡ. 16 ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಬಜೆಟ್‌ನಲ್ಲಿ ಹುಡುಕಿದರೆ ಸಿಗುತ್ತದೆ.

ಅಂಗಡಿಗೆ ಹೋಗುವುದಾದರೆ ಜೇಬಿನಲ್ಲಿ ಅಳತೆ ಟೇಪ್ ಇಟ್ಟುಕೊಳ್ಳಿ. ಒಂದು ಪೆಡಲ್ ಪೂರ್ತಿ ಮುಂದೆ ಬರುವವರೆಗೆ ಕೈಯಿಂದ ತಿರುಗಿಸಿ, ಅದರ ತುದಿಯ ನೇರಕ್ಕೆ ನೆಲದ ಮೇಲೆ ಗುರುತು ಹಾಕಿ. ಅದೇ ಪೆಡಲನ್ನು ಪೂರ್ತಿ ಹಿಂದೆ ತಂದು, ಅದೇ ತುದಿಗೆ ಇನ್ನೊಂದು ಗುರುತು. ಎರಡರ ನಡುವಿನ ದೂರವೇ ಸ್ಟ್ರೈಡ್. ಸೇಲ್ಸ್‌ನವರು ಏನೇ ಹೇಳಲಿ, ಟೇಪ್ ಹೇಳಿದ್ದನ್ನು ನಂಬಿ. ಪೆಡಲ್ ಅತಿ ಎತ್ತರಕ್ಕೆ ಬಂದಾಗ ನೆಲದಿಂದ ಎಷ್ಟಿದೆ ಅಂತಲೂ ಅಳೆದುಕೊಳ್ಳಿ, ಅದು ಆಮೇಲೆ ಬೇಕಾಗುತ್ತದೆ.

ಮಂಡಿಯ ವಿಷಯ ಬಿಟ್ಟರೆ ನೋಡಬೇಕಾದ ಎರಡನೆಯದು ಫ್ಲೈವೀಲ್, ಅಂದರೆ ತುಳಿದಾಗ ತಿರುಗುವ ಭಾರದ ಚಕ್ರ. 6 ಕೆಜಿ, 8 ಕೆಜಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಭಾರ ಜಾಸ್ತಿ ಇದ್ದರೆ ಓಟ ನುಣುಪು ಅನ್ನುವುದು ಬಹುಪಾಲು ನಿಜ, ಆದರೆ ಒಳಗಿನ ಬೆಲ್ಟು, ಪುಲ್ಲಿ ಹೇಗಿವೆ ಅನ್ನುವುದೂ ಮುಖ್ಯ. ಹಾಗಾಗಿ ಹತ್ತಿ ನಿಧಾನವಾಗಿ ತುಳಿದು ನೋಡಿ. ಪೆಡಲ್ ಮೇಲೆ ಬಂದಾಗ ಒಮ್ಮೆ ತಡೆದು ಆಮೇಲೆ ಜಗ್ಗಿದ ಹಾಗಾದರೆ ಬಿಟ್ಟುಬಿಡಿ. ವೇಗವಾಗಿ ತುಳಿದರೆ ಎಲ್ಲ ಯಂತ್ರವೂ ನುಣುಪಾಗಿಯೇ ಓಡುತ್ತದೆ. ಬಣ್ಣ ಬಯಲಾಗುವುದು ನಿಧಾನಕ್ಕೆ ತುಳಿದಾಗ.

ಪೆಡಲಿನ ಬಿಗಿತ ಮ್ಯಾಗ್ನೆಟ್‌ನಿಂದ ಬರುವಂಥದ್ದೇ ಇರಲಿ. ಚಕ್ರಕ್ಕೆ ಪಟ್ಟಿ ಉಜ್ಜಿ ಬಿಗಿ ಮಾಡುವಂಥದ್ದು ಸವೆಯುತ್ತದೆ, ಸದ್ದೂ ಮಾಡುತ್ತದೆ. ಕೆಳಗೆ ಓನರ್ ಇದ್ದಾರೆ ಅಂದಿರಲ್ಲ, ಮ್ಯಾಗ್ನೆಟ್ ಯಂತ್ರದ ಕೆಳಗೆ ಒಂದು ದಪ್ಪ ರಬ್ಬರ್ ಮ್ಯಾಟ್ ಹಾಸಿದರೆ ತಕರಾರು ಬರುವುದು ಕಷ್ಟ. ಗುಬುಟು ತಿರುಗಿಸಿ ಬಿಗಿ ಮಾಡುವ ಮಾದರಿಗೆ ಕರೆಂಟೂ ಬೇಡ. ಡಿಸ್‌ಪ್ಲೇಗೆ ಪೆನ್ಸಿಲ್ ಸೆಲ್ ಸಾಕು.

ಯಂತ್ರ ತಡೆಯುವ ತೂಕ 100 ಕೆಜಿ ಅಂತ ಬರೆದಿದ್ದರೆ ನಿಮಗೆ ನಡೆಯುತ್ತದೆ. 90 ಅಂತಿದ್ದರೆ ಬೇಡ. ಬ್ಲೂಟೂತ್, ಆಪ್, ಹಿಡಿಕೆಯಲ್ಲಿ ನಾಡಿ ನೋಡುವ ಸೆನ್ಸರ್, ಇವಕ್ಕೆಲ್ಲ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಇನ್ನು ಮಂಡಿ. ಮೊದಲ ವಾರ 8-10 ನಿಮಿಷ ಸಾಕು, ಬಿಗಿತ ಕಡಿಮೆ ಇರಲಿ. ಹಿಂದಕ್ಕೆ ತುಳಿಯುವ ಪ್ರಯೋಗ ಈಗಲೇ ಬೇಡ. ಮಾಡುವಾಗ ಸಣ್ಣಗೆ ನೋವಾದರೆ ಗಾಬರಿ ಬೇಡ. ಆದರೆ ಮರುದಿನ ಅದೇ ಹೊತ್ತಿಗೂ ನೋವು ಹಾಗೇ ಇದ್ದರೆ ಹೆಚ್ಚಾಯಿತು ಎಂದರ್ಥ, ಸಮಯ ಇಳಿಸಿ. ಮಂಡಿ ಊದಿಕೊಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಯಂತ್ರ ತಂದೆ ಅಂತ ತೊಡೆಯ ವ್ಯಾಯಾಮ ಬಿಡಬೇಡಿ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಅಷ್ಟೇ ಆದರೂ ದಿನಾ ಮಾಡಿ. ತೂಕ ಇಳಿಸಿ ಅಂತ ನಿಮ್ಮ ಡಾಕ್ಟರು ಸುಮ್ನೆ ಹೇಳಿಲ್ಲ. ಮೈಯಿಂದ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ.

ಅದೇ ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. 24 ಸಾವಿರದ್ದರ ಸ್ಟ್ರೈಡ್ 15 ಇಂಚು ಅಂತಿದೆ. ಮಗನೂ ಮಾಡುತ್ತೇನೆ ಅನ್ನುತ್ತಿದ್ದಾನೆ, ಅವನು 5 ಅಡಿ 11 ಇಂಚು. ಹಾಲ್‌ನಲ್ಲಿ ಜಾಗ ಇಲ್ಲ, ಚಿಕ್ಕ ರೂಮಿನಲ್ಲಿ ಇಡಬೇಕು.

ಉತ್ತರ:
ನಿಮಗೆ 15 ಸರಿ. ಮಗನಿಗೆ ಗಿಡ್ಡವಾಗುತ್ತದೆ. ಅವನಿಗೆ 18 ಇಂಚಾದರೂ ಬೇಕು, ಅದು ಈ ದುಡ್ಡಿಗೆ ಸಿಗುವುದು ಕಷ್ಟ. ಮಂಡಿ ನೋವಿರುವುದು ನಿಮಗೆ, ನಿಮ್ಮ ಅಳತೆಗೇ ತಗೊಳ್ಳಿ. ಅವನು ಹೊರಗೆ ಓಡಲಿ ಬಿಡಿ.

ಚಿಕ್ಕ ರೂಮು ಅಂದಿದ್ದಕ್ಕೆ ಹೇಳುತ್ತೇನೆ: ತಲೆ ಮೇಲೆ ನೋಡಿ. ನಿಮ್ಮ ಎತ್ತರ 64 ಇಂಚು. ಪೆಡಲ್ ಮೇಲೆ ಬಂದಾಗ ನೆಲದಿಂದ 15 ಇಂಚು ಇದೆ ಅಂದುಕೊಳ್ಳೋಣ, 79 ಆಯಿತು. ಶೂ, ಮೈ ಎದ್ದು ಬೀಳುವುದು ಎಲ್ಲ ಸೇರಿ ಇನ್ನೊಂದು ಐದಾರು ಇಂಚು. ಅಂದರೆ ಸುಮಾರು 7 ಅಡಿ. ನಮ್ಮ ಮನೆಗಳಲ್ಲಿ ಸಾಮಾನು ತುಂಬುವ ಅಟ್ಟ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಅದರ ಕೆಳಗೆ ಇಟ್ಟರೆ ಮೊದಲ ದಿನವೇ ತಲೆಗೆ ಬಡಿಯುತ್ತದೆ. ಮಗ ಹೇಗೂ ಒಂದೊಂದು ದಿನ ಹತ್ತುತ್ತಾನೆ, ಹಾಗಾಗಿ ಫ್ಯಾನಿನ ನೇರ ಕೆಳಗೂ ಬೇಡ.

ಆರ್ಡರ್ ಮಾಡುವ ಮೊದಲು ಎರಡು ಮಾತು ಕೇಳಿಕೊಳ್ಳಿ. ಡೆಲಿವರಿಯವರು ಎರಡನೇ ಮಹಡಿಗೆ ಹತ್ತಿಸುತ್ತಾರಾ? ಪೆಟ್ಟಿಗೆ ಒಬ್ಬರು ಹೊರುವಂಥದ್ದಲ್ಲ, ಗೇಟಿನ ಹತ್ತಿರ ಇಳಿಸಿ ಹೋಗುವವರು ಬಹಳ. ಆಮೇಲೆ, ನಿಮ್ಮ ಪಿನ್‌ಕೋಡ್‌ಗೆ ರಿಪೇರಿ ಮಾಡುವವರು ಬರುತ್ತಾರಾ? ದಾವಣಗೆರೆಗೆ ಬೆಂಗಳೂರಿನಿಂದ ಜನ ಬರಬೇಕು ಅಂದರೆ ವಾರಂಟಿ ಕಾಗದದಲ್ಲಷ್ಟೇ ಇರುತ್ತದೆ. ವಾಪಸ್ ಕೊಡುವ ಅವಧಿ ಮುಗಿಯುವವರೆಗೆ ಪೆಟ್ಟಿಗೆ ಎಸೆಯಬೇಡಿ.

ಪ್ರಶ್ನೆ (ಹಾಸನದಿಂದ):
ನಮ್ಮ ಮನೆಯಲ್ಲಿ ಆರ್ಬಿಟ್ರೆಕ್ ಇದೆ, ಈಗ ಕಿರ್ ಕಿರ್ ಅಂತ ಸದ್ದು. ಕೊಬ್ಬರಿ ಎಣ್ಣೆ ಹಾಕಿದೆವು. ಎರಡು ದಿನ ಸುಮ್ಮನಿತ್ತು, ಮತ್ತೆ ಶುರು. ಇನ್ನೊಂದು, ಹತ್ತು ನಿಮಿಷಕ್ಕೆ ಕಾಲ್ಬೆರಳು ಜೋಮು ಹಿಡಿಯುತ್ತದೆ.

ಉತ್ತರ:
ಕೊಬ್ಬರಿ ಎಣ್ಣೆ ತಲೆಗೆ ಇರಲಿ! ಯಂತ್ರದಲ್ಲಿ ಅದು ಧೂಳು ಹಿಡಿದು ಅಂಟಾಗುತ್ತದೆ. ಮೊದಲು ಒರೆಸಿ ತೆಗೆಯಿರಿ, ಆಮೇಲೆ ಎಲ್ಲ ಬೋಲ್ಟ್ ಬಿಗಿ ಮಾಡಿ. ಸದ್ದು ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಹಲವು ಯಂತ್ರಗಳಲ್ಲಿ ಎಡ ಪೆಡಲಿನ ಬೋಲ್ಟ್ ಉಲ್ಟಾ ತಿರುಗಿಸಿದರೆ ಬಿಗಿಯಾಗುತ್ತದೆ. ಗೊತ್ತಿಲ್ಲದೆ ಬಲ ಹಾಕಿ ಬೋಲ್ಟಿನ ಥ್ರೆಡ್ ಹಾಳು ಮಾಡಿಕೊಳ್ಳಬೇಡಿ. ಇನ್ನೂ ಸದ್ದಿದ್ದರೆ ಕೀಲುಗಳಿಗೆ ಸ್ವಲ್ಪ ಗ್ರೀಸ್ ಹಚ್ಚಿ. ಚಕ್ರಕ್ಕೆ ಉಜ್ಜುವ ಪಟ್ಟಿಗೆ ಮಾತ್ರ ತಾಗಿಸಬೇಡಿ, ಬಿಗಿತವೇ ಹೋಗಿಬಿಡುತ್ತದೆ.

ಜೋಮು ಹಿಡಿಯುವುದು ಪಾದ ಏಳದೆ ಒಂದೇ ಕಡೆ ಒತ್ತಿಕೊಂಡಿರುವುದಕ್ಕೆ. ಶೂ ಲೇಸ್ ಸಡಿಲ ಮಾಡಿ, ಹಿಮ್ಮಡಿಗೂ ಭಾರ ಕೊಡಿ. ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಯಂತ್ರದಿಂದ ಇಳಿದ ಮೇಲೂ ಜೋಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಮತ್ತೆ ದಾವಣಗೆರೆಯ ಮೇಷ್ಟ್ರು):
ಅರ್ಧ ಗಂಟೆ ಮಾಡಿದರೆ 400 ಕ್ಯಾಲೊರಿ ಕರಗುತ್ತದೆ ಅಂತ ಜಾಹೀರಾತಿನಲ್ಲಿದೆ. ನಿಜವೇ? ಬಿಪಿ ಮಾತ್ರೆಯೂ ನಡೆಯುತ್ತಿದೆ.

ಉತ್ತರ:
78 ಕೆಜಿಯವರು ಸಾಧಾರಣ ವೇಗದಲ್ಲಿ ಅರ್ಧ ಗಂಟೆ ಮಾಡಿದರೆ ಹೆಚ್ಚುಕಡಿಮೆ 200. ನಿಮ್ಮೂರಿನ ಒಂದು ಬೆಣ್ಣೆ ದೋಸೆಯೂ ಅದರಲ್ಲಿ ಕರಗುವುದಿಲ್ಲ. ನಿಮ್ಮ ತೂಕವನ್ನೇ ಕೇಳದ ಯಂತ್ರ ತೋರಿಸುವ ಕ್ಯಾಲೊರಿ ಬರೀ ಅಂದಾಜು, ಅದನ್ನು ನೋಡಲೇಬೇಡಿ. ಸಮಯ ನೋಡಿ. ವಾರಕ್ಕೆ ಕನಿಷ್ಠ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಧಾನಕ್ಕೆ ಅಲ್ಲಿಗೆ ಮುಟ್ಟಿದರಾಯಿತು.

ಮಾತ್ರೆಯ ಹೆಸರು ನೋಡಿಕೊಳ್ಳಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ್ದಾದರೆ ನಾಡಿ ಮಿಡಿತ ಅಷ್ಟಾಗಿ ಏರುವುದಿಲ್ಲ. ಮಿಡಿತದ ಲೆಕ್ಕ ಹಿಡಿದು ಹೋದರೆ ಸುಮ್ನೆ ಜಾಸ್ತಿ ತುಳಿದುಬಿಡುತ್ತೀರಿ. ತುಳಿಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ವೇಗ ಸಾಕು. ಹಿಡಿಕೆ ಬಿಗಿಯಾಗಿ ಹಿಡಿದು ಉಸಿರು ಕಟ್ಟಬೇಡಿ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ. ಶುರು ಮಾಡುವ ಮೊದಲೂ ಬಿಪಿ ಡಾಕ್ಟರಿಗೆ ಒಂದು ಮಾತು ಹೇಳಿ.

ಪ್ರಶ್ನೆ (ಮಂಗಳೂರಿನಿಂದ):
ಇಲ್ಲೊಬ್ಬರು ಮನೆ ಖಾಲಿ ಮಾಡುತ್ತಾ 30 ಸಾವಿರದ ಯಂತ್ರವನ್ನು 11 ಸಾವಿರಕ್ಕೆ ಕೊಡುತ್ತಿದ್ದಾರೆ. ಹಳೆಯದು ತಗೊಳ್ಳಬಹುದೇ?

ಉತ್ತರ:
ತಗೊಳ್ಳಬಹುದು. 12 ಸಾವಿರದ ಹೊಸ ಆರ್ಬಿಟ್ರೆಕ್‌ಗಿಂತ ಅದೇ ಮೇಲು, ಕ್ರ್ಯಾಂಕ್ (ಪೆಡಲಿನ ತೋಳನ್ನು ಚಕ್ರಕ್ಕೆ ಸೇರಿಸುವ ದಂಡ) ಗಟ್ಟಿ ಇದ್ದರೆ. ಪೆಡಲಿನ ತೋಳು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ತೋಳು ಮಾತ್ರ ಸ್ವಲ್ಪ ಆಡಿದರೆ ಕೀಲಿನೊಳಗಿನ ಬಳೆ, ಅಂದರೆ ಬುಷ್ ಸವೆದಿದೆ, ಅದು ಸಣ್ಣ ಖರ್ಚು. ಕ್ರ್ಯಾಂಕೇ ಟಕ್ ಟಕ್ ಅಂದರೆ ಬಿಟ್ಟು ಬನ್ನಿ. ನಿಮ್ಮ ಕಡೆ ಕಡಲ ಗಾಳಿ, ಅದರ ಮೇಲೆ ಬೆವರು. ಹಾಗಾಗಿ ಹಿಡಿಕೆಯ ಬುಡ, ಪೆಡಲಿನ ಅಡಿ, ಬೋಲ್ಟಿನ ತಲೆ ಟಾರ್ಚ್ ಬಿಟ್ಟು ನೋಡಿ. ಮೇಲೆ ಬಣ್ಣ ಹಚ್ಚಿದ್ದರೆ ಉಗುರಿನಿಂದ ಕೆರೆದು ನೋಡಿ. ತುಕ್ಕು ಇಲ್ಲದಿದ್ದರೆ 9 ಸಾವಿರಕ್ಕೆ ಕೇಳಿ. ಹೇಗೂ ಮನೆ ಖಾಲಿ ಮಾಡುತ್ತಿದ್ದಾರಲ್ಲ, ಕೊಟ್ಟಾರು.