7.6 ಜಿಬಿ ಡಿವಿಡಿ ಕಾಪಿ ಅರ್ಧಕ್ಕೇ ನಿಲ್ಲುತ್ತೆ

ಪ್ರಶ್ನೆ (ಶಿರಾ ಗೇಟ್, ತುಮಕೂರು):
ಇನ್‌ಸ್ಟಾಲೇಶನ್ ಡಿಸ್ಕ್ ಕಾಪಿ ಮಾಡುವಾಗ ಅರ್ಧ ದಾಟಿದ ಕೂಡಲೇ ಡ್ರೈವ್ ಟರ್ ಟರ್ ಅಂತ ಸದ್ದು ಮಾಡಿ ನಿಂತುಬಿಡುತ್ತೆ. ಸಿಡಿ ಮಾತ್ರ ಚೆನ್ನಾಗಿ ಓದುತ್ತೆ. ಡೆಸ್ಕ್‌ಟಾಪ್ ಡ್ರೈವ್. ಏನು ಮಾಡಲಿ ಸರ್?

ಉತ್ತರ (ಕೋಲಾರ):
ಅದು ಡ್ಯುಯಲ್ ಲೇಯರ್ ಡಿಸ್ಕ್, ಅಂದ್ರೆ ಡೇಟಾ ಎರಡು ಪದರದಲ್ಲಿರುತ್ತೆ. ಅರ್ಧದಲ್ಲಿ ಲೇಸರ್ ಎರಡನೇ ಪದರಕ್ಕೆ ಫೋಕಸ್ ಬದಲಿಸಬೇಕು, ಲೆನ್ಸ್ ಮೇಲೆ ಧೂಳು ಕೂತಿದ್ದರೆ ಅಲ್ಲೇ ಎಡವುತ್ತೆ. ಸಿಡಿಗೆ 780, ಡಿವಿಡಿಗೆ 650 ನ್ಯಾನೋಮೀಟರ್ ಲೇಸರ್, ಎರಡೂ ಬೇರೆ. ಸಿಡಿ ಓದಿತು ಅಂತ ಡ್ರೈವ್ ಸರಿಯಿದೆ ಅಂದ್ಕೋಬೇಡಿ.
ಮೊದಲು ಡಿಸ್ಕನ್ನು ಮೆತ್ತನೆ ಬಟ್ಟೆಯಲ್ಲಿ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ಆಮೇಲೆ ಡ್ರೈವ್ ಕಳಚಿ, ತಳದ ಸ್ಕ್ರೂ ಬಿಚ್ಚಿ, ಹತ್ತಿಕಡ್ಡಿಗೆ ಒಂದೇ ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಲೆನ್ಸ್ ಸವರಿ. ಒತ್ತಲೇಬೇಡಿ, ಅದು ಕೂದಲೆಳೆಯಂಥ ತಂತಿಗಳ ಮೇಲೆ ತೂಗುತ್ತಿರುತ್ತೆ.

ಉತ್ತರ (ಚಿಂತಾಮಣಿ):
ಫೈಲ್ ಫೈಲ್ ಆಗಿ ಎಳೀಬೇಡಿ, ಇಡೀ ಡಿಸ್ಕಿನ ಐಎಸ್‌ಒ (ಪೂರ್ತಿ ಡಿಸ್ಕಿನ ನಕಲು ಇರುವ ಒಂದೇ ಫೈಲ್) ಮಾಡಿ, ಸ್ಪೀಡ್ 4ಎಕ್ಸ್‌ಗೆ ಇಳಿಸಿ. ಗೀರು ಬಿದ್ದಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಪ್ರೋಗ್ರಾಂ ಒಳ್ಳೇದು, ಓದದ ಜಾಗ ಬಿಟ್ಟು ಮುಂದೆ ಹೋಗಿ, ಕೊನೆಗೆ ಮತ್ತೆ ಪ್ರಯತ್ನಿಸುತ್ತೆ. ಐಎಸ್‌ಒ ಇಡುವ ಪೆನ್‌ಡ್ರೈವ್ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿ ಇರಲಿ, ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ 4 ಜಿಬಿ ಮೀರಿದ ಫೈಲ್ ಕೂರಲ್ಲ.

ಪ್ರಶ್ನೆ ಕೇಳಿದವರು:
ಖಾಲಿ ಡಿವಿಡಿಗೇ ಬರೆಯಬಹುದಾ?

ಉತ್ತರ (ಕೋಲಾರ):
4.7 ಜಿಬಿಯದು ಸಾಲಲ್ಲ. 8.5 ಜಿಬಿಯ ಡಿಎಲ್ (ಡ್ಯುಯಲ್ ಲೇಯರ್) ಡಿಸ್ಕ್ ಕೇಳಿ ತಗೊಳ್ಳಿ.